ಮಾರ್ಥಮ್ಮನ ಹೋಟ್ಲಲ್ಲಿ ಬೀಗರ ಉಪವಾಸ

ನಂಬಬೇಡಿ. ನಾನೇ ಹೇಳ್ತಾ ಇದೀನಿ, ನಂಬಬೇಡಿ. ನಮ್ಮ ಏರಿಯಾದಲ್ಲಿ ನನ್ನ ಮಾತು ನಂಬಿ ಕೆಟ್ಟೋರ ಲಿಸ್ಟು ಬಹಳ ಉದ್ದ ಇದೆ. ಎದುರುಮನೆ ರಿಟೈರ್ಡ್ ಹೆಡ್‌ಮಾಸ್ಟ್ರಿಗೆ ಒಂದ್ಸಲ, ಕಾಂಪೌಂಡ್ ಮೇಲೆ ಕಾಗೆ ಕೂತ್ರೆ ಇನ್ಮೇಲೆ ಟ್ಯಾಕ್ಸ್ ಹಾಕ್ತಾರಂತೆ ಅಂದಿದ್ದೆ. ಪಾಪ, ಒಂದು ವಾರ ಕೋಲು ಹಿಡ್ಕೊಂಡು ಜಗಲಿ ಮೇಲೆ ಕೂತಿದ್ರು. ಅವರು ಓಡಿಸಿದ ಕಾಗೆಗಳೆಲ್ಲ ನಮ್ಮ ಕಾಂಪೌಂಡಿಗೆ ಬಂದ್ವು, ಅದು ಬೇರೆ ವಿಷಯ. ಅಂಥವನು ನಾನು. ಆದ್ರೆ ಈಗ ಹೇಳೋದನ್ನ ಪೂರ್ತಿ ಕೇಳಿ, ಆಮೇಲೆ ನಂಬದೇ ಇರೋಕೆ ನಿಮ್ಮ ಕೈಲಿ ಆಗುತ್ತಾ ನೋಡೋಣ. ಪಂಥ!

ಎಂಬತ್ತರ ದಶಕದ ಮಾತು. ಸಾರಕ್ಕಿ ನಮ್ಮೂರು. ನಮ್ಮ ಹೊಲದ ಮೇಲೆ ಜೆ.ಪಿ. ನಗರ ಬಂದು ಕೂತ್ಕೊಂಡಿತ್ತು. ನಮ್ಮಪ್ಪ ರಾಗಿ ಬೆಳೀತಿದ್ದ ಜಾಗದಲ್ಲಿ ನಾನು ಒಂದು ಮಹಡಿ ಮನೆ ಕಟ್ಟಿಸಿ ಬಾಡಿಗೆದಾರರನ್ನ ಬೆಳೆಯೋಕೆ ಶುರು ಮಾಡಿದ್ದೆ. ಮೇಲೆ ನಾನು, ನನ್ನ ಹೆಂಡ್ತಿ ಜಯಮ್ಮ, ಮಗಳು ಪದ್ಮ. ಕೆಳಗೆ ಮಾರ್ಥಮ್ಮ.

ಮಾರ್ಥಮ್ಮ ಯಾರು ಅಂತೀರಾ? ಆಸ್ಟ್ರಿಯಾ ದೇಶದೋಳು. ಇಲ್ಲಿನ ರಘು ಅನ್ನೋ ಎಂಜಿನಿಯರು ಅಲ್ಲಿಗೆ ಮಷಿನ್ ಕೆಲಸ ಕಲಿಯೋಕೆ ಅಂತ ಹೋಗಿ, ಮಷಿನ್ ಕೆಲಸದ ಜೊತೆ ಇವಳನ್ನೂ ಕರ್ಕೊಂಡು ಬಂದಿದ್ದ. ಅವನು ಬೆಳಗ್ಗೆ ಫ್ಯಾಕ್ಟರಿಗೆ ಹೋದ ಮೇಲೆ ಇವಳಿಗೆ ಮನೇಲಿ ಕೂತು ಕೂತು ಬೇಜಾರಾಗಿ, ಮುಂದಿನ ಎರಡು ರೂಮಲ್ಲಿ ಆರು ಟೇಬಲ್ ಹಾಕಿ ಹೋಟ್ಲು ಶುರು ಮಾಡೇಬಿಟ್ಲು. ಬೋರ್ಡ್ ಮೇಲೆ ಅವರ ಭಾಷೇಲಿ ಏನೋ ಬರೆಸಿದ್ಲು. ಯಾರಿಗೂ ಓದೋಕೆ ಬರ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅದು ಮಾರ್ಥಮ್ಮನ ಹೋಟ್ಲು.

ಮೊದಲನೇ ದಿನ ಕೆಳಗಿಂದ ದಬ ದಬ ಅಂತ ಸದ್ದು. ಜಯಮ್ಮ ಗಾಬರಿಯಾಗಿ, ರೀ, ಆ ಹುಡುಗಿ ಗಂಡನ್ನ ಹಾಕ್ಕೊಂಡು ಬಡೀತಾ ಇದಾಳೆ, ಹೋಗಿ ಬಿಡಿಸ್ಬನ್ನಿ ಅಂದ್ಲು. ಓಡಿ ಹೋಗಿ ನೋಡಿದ್ರೆ, ಮರದ ಸುತ್ತಿಗೇಲಿ ಕೋಳಿ ಮಾಂಸ ಬಡೀತಾ ಇದಾಳೆ! ಬಡಿದು ಬಡಿದು ಅಂಗೈ ಅಗಲ ಇದ್ದಿದ್ದನ್ನ ಮೊರದಗಲ ಮಾಡಿ, ಮೊಟ್ಟೇಲಿ ಅದ್ದಿ, ಬ್ರೆಡ್ ಪುಡೀಲಿ ಹೊರಳಿಸಿ ಕರೀತಾಳೆ. ಅದಕ್ಕೆ ಶ್ನಿಟ್ಸೆಲ್ ಅಂತ ಹೆಸರು. ಇನ್ನು ಅವಳ ಸೂಪಿನ ಕಥೆ ಕೇಳಿ. ದೋಸೆ ಹುಯ್ಯೋದು, ಅದನ್ನ ಸುರುಳಿ ಸುತ್ತಿ ಶಾವಿಗೆ ಥರ ಕತ್ತರಿಸೋದು, ಬಿಸಿ ಸೂಪಲ್ಲಿ ಹಾಕೋದು. ಜಯಮ್ಮ ಕೇಳಿ, ಒಳ್ಳೇ ದೋಸೆ ಯಾಕೆ ಹಾಳು ಮಾಡ್ತಾಳೆ ಅಂದ್ಲು. ಆಮೇಲೆ ಸೇಬಿನ ಸುರುಳಿ. ಮೈದಾ ಹಿಟ್ಟನ್ನ ಇಡೀ ಮೇಜಿನ ಅಗಲಕ್ಕೆ ಎಳೆದು ಎಳೆದು, ಕೆಳಗೆ ಪೇಪರ್ ಇಟ್ರೆ ಓದಬಹುದು, ಅಷ್ಟು ತೆಳ್ಳಗೆ ಮಾಡೋಳು. ಅದರೊಳಗೆ ಸೇಬು, ದ್ರಾಕ್ಷಿ, ಚಕ್ಕೆ ಪುಡಿ ಹಾಕಿ ಸುತ್ತಿ ಬೇಯಿಸೋದು. ನಮ್ಮ ಹೋಳಿಗೆ ಫಾರಿನ್‌ಗೆ ಹೋಗಿ ಪ್ಯಾಂಟು ಹಾಕ್ಕೊಂಡು ಬಂದಂಗೆ ಇರ್ತಿತ್ತು.

ಜಯನಗರದ ಕಾಲೇಜು ಹುಡುಗ್ರು, ಫಾರಿನ್‌ಗೆ ಹೋಗ್ಬಂದ ಆಫೀಸರ್‌ಗಳು ಎಲ್ಲ ಬರೋರು. ನಾನೂ ದಿನಾ ಸಾಯಂಕಾಲ ಹೋಗಿ ಕೂರ್ತಿದ್ದೆ. ಬರೀ ಕಾಫಿಗೆ. ಕಾಫಿ ಜೊತೆ ಒಂದು ಲೋಟ ನೀರು ಇಡೋಳು, ಅದೊಂದು ವಿಷಯಕ್ಕೇ ಆಸ್ಟ್ರಿಯಾದೋರು ನಮ್ಮೋರೇ ಅನ್ಕೊಂಡಿದ್ದೆ. ನಾನು ಓನರ್ ಅನ್ನೋದು ಯಾರಿಗಾದ್ರೂ ಗೊತ್ತಿಲ್ಲ ಅಂದ್ರೆ ಗೊತ್ತು ಮಾಡ್ಸೋದು ನನ್ನ ಕರ್ತವ್ಯ ಆಗಿತ್ತು.

ಈಗ ಕಷ್ಟದ ವಿಷಯಕ್ಕೆ ಬರ್ತೀನಿ. ನಮ್ಮ ಪದ್ಮ ಜಯನಗರದ ಶಿಶುವಿಹಾರದಲ್ಲಿ ಟೀಚರ್ರು. ಬಸ್ಸಲ್ಲಿ ಹೋಗ್ತಾ ಬರ್ತಾ ಅರೆಕೆರೆಯ ರಾಜಣ್ಣ ಅನ್ನೋ ಹುಡುಗ ಪರಿಚಯ ಆಗಿದ್ದ. ಒಳ್ಳೇ ಹುಡುಗ, ಕಾರ್ಖಾನೇಲಿ ಸೂಪರ್‌ವೈಸರು, ನಮ್ಮ ಜನಾನೇ. ಪದ್ಮ ಅವಳಮ್ಮನ ಹತ್ರ ಹೇಳಿದ್ಲು, ಅವಳಮ್ಮ ನನ್ನ ಹತ್ರ ಹೇಳಿದ್ಲು. ಮದುವೆ ಆದ್ರೆ ಅವನನ್ನೇ, ಇಲ್ದಿದ್ರೆ ಶಿಶುವಿಹಾರವೇ ಸಾಕು ಅಂತ ಮಗಳ ತೀರ್ಮಾನ. ನಂದೇನೂ ತಕರಾರಿಲ್ಲ. ತಕರಾರು ಇದ್ದಿದ್ದು ಹುಡುಗನ ಅಜ್ಜಿದು.

ಪುಟ್ಟಮ್ಮಜ್ಜಿ. ಅರೆಕೆರೇಲಿ ಇನ್ನೂ ರಾಗಿ ಹೊಲ ಇಟ್ಕೊಂಡಿದ್ದ ಗಟ್ಟಿಗಿತ್ತಿ. ಆ ಮನೇಲಿ ಅಜ್ಜಿ ಹೂಂ ಅನ್ನದೆ ಎಮ್ಮೆ ಕೂಡ ಕರು ಹಾಕ್ತಿರಲಿಲ್ಲ. ಮಗ ಚನ್ನೇಗೌಡ್ರು ಎಷ್ಟು ದೊಡ್ಡ ಮೀಸೆ ಬಿಟ್ಟಿದ್ರೂ ಅಮ್ಮನ ಮುಂದೆ ಆ ಮೀಸೆ ಕೆಳಗೆ ನೋಡ್ತಿತ್ತು. ಮೊಮ್ಮಗನಿಗೆ ಹೆಣ್ಣು ನೋಡೋಕೆ ಅಂತ ಅಜ್ಜಿ ಆಗಲೇ ಏಳು ಮನೆ ಹತ್ತಿ ಇಳಿದಿತ್ತು. ನಮ್ಮ ಕಡೆ ಪದ್ಧತಿ ನಿಮಗೆ ಗೊತ್ತಲ್ಲ, ಹೆಣ್ಣು ನೋಡೋಕೆ ಬಂದೋರು ಒಪ್ಪೋ ತನಕ ಆ ಮನೇಲಿ ಊಟ ಮಾಡಲ್ಲ. ಕಾಫಿ, ಬಾಳೆಹಣ್ಣು, ಅಷ್ಟೇ. ಉಂಡ್ರು ಅಂದ್ರೆ ಒಪ್ಪಿದ್ರು ಅಂತ. ಏಳು ಮನೇಲೂ ಅಜ್ಜಿ ಕಾಫಿ ಕುಡಿದು, ಬಾಯಿ ಒರೆಸ್ಕೊಂಡು, ಬರ್ತೀವಿ ಅಂತ ಎದ್ದು ಬಂದಿತ್ತು.

ಎಂಟನೇ ಮನೆ ನಮ್ದು.

ಇಲ್ಲಿ ನನ್ನ ತಲೆ ಓಡಿದ್ದು ನೋಡಿ. ಅಜ್ಜಿ ನಮ್ಮನೇಲಿ ಉಣ್ಣಲ್ಲ. ಸರಿ. ಹೋಟ್ಲಲ್ಲಿ ಉಣ್ಣೋಕೆ ಏನಡ್ಡಿ? ಮೇಲೆ ಹೆಣ್ಣು ನೋಡೋದು, ಕಾಫಿ ಕುಡಿಯೋದು, ಮಧ್ಯಾಹ್ನ ಆಯ್ತಲ್ಲ, ಬನ್ನಿ, ಇಲ್ಲೇ ಕೆಳಗೆ ಒಂದು ಹೋಟ್ಲಿದೆ ಅಂತ ಕರ್ಕೊಂಡು ಹೋಗೋದು. ಹೊಟ್ಟೆ ತುಂಬ ತಿನ್ನಿಸೋದು. ಅಜ್ಜಿ ತೇಗಿದ ತಕ್ಷಣ ಎದ್ದು ನಿಂತು ಹೇಳೋದು: ಈ ಹೋಟ್ಲಿನ ನೆಲ ನಂದು, ಗೋಡೆ ನಂದು, ಸೂರು ನಂದು. ನೀವು ಉಂಡಿದ್ದು ನಮ್ಮನೇಲೇ, ಬೀಗ್ರೇ!

ಬಚ್ಚಲುಮನೆ ಕನ್ನಡಿ ಮುಂದೆ ನಿಂತು ಆ ಬೀಗ್ರೇ ಅನ್ನೋದನ್ನ ಮೂರು ಥರದಲ್ಲಿ ಪ್ರಾಕ್ಟೀಸ್ ಮಾಡ್ದೆ. ಜಯಮ್ಮ ಹೊರಗಿಂದ ಕೇಳಿಸ್ಕೊಂಡು ವಿಷಯ ಏನು ಅಂತ ಬಾಯಿ ಬಿಡಿಸಿದ್ಲು. ಹೇಳ್ದೆ. ಅವಳು ನಗಲಿಲ್ಲ.

"ನಿಮ್ಮ ತಮಾಷೆಗೆ ನನ್ನ ಮಗಳ ಮದುವೇನೇ ಸಿಕ್ತಾ?" ಅಂದ್ಲು.

ನೀನು ನೋಡ್ತಿರು ಅಂದೆ. ನೋಡ್ತೀನಿ ಅಂದ್ಲು. ಅವಳು ಕೆಳಗೆ ಬರಲ್ಲ, ಮಗಳನ್ನೂ ಕಳಿಸಲ್ಲ ಅಂತ ತೀರ್ಪಾಯ್ತು.

ಶನಿವಾರ ಸಾಯಂಕಾಲ ಮಾರ್ಥಮ್ಮನ ಹತ್ರ ಹೋಗಿ, ನಾಳೆ ಮಧ್ಯಾಹ್ನ ದೊಡ್ಡೋರು ಬರ್ತಾರೆ, ನಿನ್ನ ಹೋಟ್ಲಲ್ಲಿ ಏನೇನು ವಿಶೇಷ ಇದೆಯೋ ಅಷ್ಟೂ ಮಾಡ್ಬಿಡು ಅಂದೆ. ಅವಳ ಕನ್ನಡ ಸಾರಕ್ಕಿ ಮಾರ್ಕೆಟ್ಟಿನ ತರಕಾರಿಯೋರ ಹತ್ರ ಕಲಿತಿದ್ದು, ಹಾಗಾಗಿ ನೇರ. ಬಡಿಸೋದು ಹೆಂಗೆ ಓನರ್ ಸಾರ್, ನಿಮ್ಮ ಥರಾನಾ, ನಮ್ಮ ಥರಾನಾ ಅಂತ ಕೇಳಿದ್ಲು. ನಿಮ್ಮ ಥರ ಹೆಂಗೆ ಅಂದೆ. ದೊಡ್ಡ ತಟ್ಟೇಲಿ ತರ್ತೀನಿ, ಒಂದ್ಸಲ ಕೇಳ್ತೀನಿ, ಬೇಕು ಅಂದ್ರೆ ಹಾಕ್ತೀನಿ, ಬೇಡ ಅಂದ್ರೆ ತಗೊಂಡು ಹೋಗ್ತೀನಿ ಅಂದ್ಲು.

ನಾನು ಕ್ಷಣ ಯೋಚನೆ ಮಾಡ್ದೆ. ನಮ್ಮ ಥರ ಬಲವಂತ ಮಾಡಿ, ಇನ್ನೊಂದು ಹಾಕ್ಕೊಳ್ಳಿ, ನನ್ನಾಣೆ, ಸ್ವಲ್ಪ ಅಂತೆಲ್ಲ ಉಪಚಾರ ಶುರುವಾದ್ರೆ ಅಜ್ಜಿಗೆ ಬೀಗರ ಮನೆ ವಾಸನೆ ಬಂದ್ಬಿಡುತ್ತೆ. ಹೋಟ್ಲು ಹೋಟ್ಲಿನ ಥರಾನೇ ಇರ್ಬೇಕು.

"ನಿಮ್ಮ ಥರಾನೇ ಮಾಡಮ್ಮ. ನಮ್ಮ ಜನ ಬೇಡ ಅಂದ್ರೆ ಬೇಡ ಅಂತಾನೇ ಅರ್ಥ" ಅಂದೆ.

ಈ ಮಾತು ನನ್ನ ಬಾಯಿಂದಾನೇ ಬಂತು. ಯಾರೂ ಹೇಳಿಸಿದ್ದಲ್ಲ. ರಘು ಇದ್ದಿದ್ರೆ ಅಲ್ಲೇ ನಕ್ಕು ಸರಿ ಮಾಡ್ತಿದ್ದ. ಅವನು ಕನಕಪುರಕ್ಕೆ ಮದುವೆಗೆ ಹೋಗಿದ್ದ.

ಭಾನುವಾರ ಹನ್ನೊಂದು ಗಂಟೆಗೆ ಬಂದ್ರು. ಅಜ್ಜಿ, ಚನ್ನೇಗೌಡ್ರು, ಅವರ ಹೆಂಡ್ತಿ, ರಾಜಣ್ಣ. ಮೇಲೆ ಎಲ್ಲ ಚೆನ್ನಾಗೇ ಆಯ್ತು. ಪದ್ಮ ಕಾಫಿ ತಂದ್ಲು. ಅಜ್ಜಿ ಅವಳನ್ನ ಪಕ್ಕದಲ್ಲಿ ಕೂರಿಸ್ಕೊಂಡು, ಎಷ್ಟು ಮಕ್ಕಳಿಗೆ ಪಾಠ ಹೇಳ್ತೀಯ, ಅಳೋ ಮಗೂನ ಹೆಂಗೆ ಸುಮ್ನಿರಿಸ್ತೀಯ ಅಂತೆಲ್ಲ ಕೇಳ್ತು. ಜಡೆ ಮುಟ್ಟಿ ನೋಡ್ತು. ಮುಖದಲ್ಲಿ ಮಾತ್ರ ಒಂದು ಗೆರೆ ಅಲ್ಲಾಡಲಿಲ್ಲ. ಕಾಫಿ ಕುಡಿದು ಬಾಯಿ ಒರೆಸ್ಕೊಳ್ತು. ಪದ್ಮ ನನ್ನ ಕಡೆ ನೋಡಿದ್ಲು. ಆ ನೋಟ ಇವತ್ತಿಗೂ ನೆನಪಿದೆ. ನಾನು ಅವಳಿಗೆ ಕಣ್ಣು ಮಿಟುಕಿಸಿದೆ.

ಊಟಕ್ಕೆ ಹೋಟ್ಲಿಗೆ ಹೋಗೋಣ ಅಂದಾಗ ಚನ್ನೇಗೌಡ್ರ ಮೀಸೆ ಖುಷೀಲಿ ಎದ್ದು ನಿಲ್ತು. ಬೆಳಗ್ಗೆ ಹೊರಡೋ ಗಡಿಬಿಡೀಲಿ ಏನೂ ತಿಂದಿರಲಿಲ್ಲವಂತೆ. ಅಜ್ಜಿ ಒಂದು ನಿಮಿಷ ಯೋಚಿಸಿ, ಹೋಟ್ಲು ಅಂದ್ರೆ ಅಡ್ಡಿಯಿಲ್ಲ ಅಂತು. ಗೆದ್ದೆ ಅನ್ಕೊಂಡೆ!

ಕೆಂಪು ಬಿಳಿ ಚೌಕುಳಿ ಬಟ್ಟೆ ಹಾಸಿದ ಮೇಜು. ಎಲ್ಲರ ಮುಂದೆ ಒಂದು ಬಟ್ಟಲು, ಚಮಚ, ಚಾಕು, ಮುಳ್ಳುಚಮಚ. ಮಾರ್ಥಮ್ಮ ದೊಡ್ಡ ಪಾತ್ರೇಲಿ ಸೂಪ್ ತಂದ್ಲು. ಹಬೆ ಆಡ್ತಾ ಇದೆ, ಮೆಣಸಿನ ಘಮ ಬರ್ತಾ ಇದೆ, ದೋಸೆ ಎಳೆಗಳು ತೇಲ್ತಾ ಇವೆ. ದೊಡ್ಡೋರಿಗೆ ಮೊದಲು ಅಂತ ಅಜ್ಜಿ ಹತ್ರ ಹೋಗಿ, ಬೇಕಾ ಅಜ್ಜಿ ಅಂದ್ಲು.

ಅಜ್ಜಿ ಬಟ್ಟಲಿಗೆ ಅಡ್ಡ ಕೈ ಇಟ್ಟು, "ಅಯ್ಯೋ, ಬೇಡ ತಾಯಿ" ಅಂತು.

"ಸರಿ" ಅಂದ್ಲು ಮಾರ್ಥಮ್ಮ. ಮುಂದಕ್ಕೆ ಹೋದ್ಲು.

ಅಜ್ಜಿ ಕೈ ಬಟ್ಟಲ ಮೇಲೇ ಇತ್ತು. ನಮ್ಮೋರ ಕೈ ನಿಮಗೆ ಗೊತ್ತಲ್ಲ. ಮೊದಲನೇ ಬೇಡಕ್ಕೆ ಕೈ ಪೂರ್ತಿ ಅಡ್ಡ. ಎರಡನೇ ಬೇಡಕ್ಕೆ ಬೆರಳು ಸ್ವಲ್ಪ ಸಡಿಲ. ಮೂರನೇ ಬೇಡಕ್ಕೆ ಬೆರಳ ಸಂದೀಲಿ ಹುಯ್ಯೋಕೆ ದಾರಿ. ಅಜ್ಜಿ ಬೆರಳು ಸಡಿಲ ಮಾಡ್ಕೊಂಡು ಕಾಯ್ತಾನೇ ಇತ್ತು. ಪಾತ್ರೆ ಚನ್ನೇಗೌಡ್ರ ಹತ್ರ ಹೋಯ್ತು. ಅವ್ವ ಬೇಡ ಅಂದ ಮೇಲೆ ಮಗ ಹೆಂಗೆ ಬೇಕು ಅಂತಾನೆ? ಬೇಡ ಅಂದ್ರು. ಗಂಡ ಬೇಡ ಅಂದಿದ್ದಕ್ಕೆ ಹೆಂಡ್ತಿ ಬೇಡ. ಅಪ್ಪ ಅಮ್ಮ ಬೇಡ ಅಂದಿದ್ದಕ್ಕೆ ರಾಜಣ್ಣ ಬೇಡ. ನಾನು ಮಧ್ಯ ಬಾಯಿ ಹಾಕಿ, ತಗೊಳ್ಳಿ, ನಾಚ್ಕೋಬೇಡಿ ಅನ್ನಬೇಕು ಅಂತ ನಾಲಿಗೆ ತುದಿಗೆ ಬಂತು. ಅಂದ್ರೆ ನಾನು ಆತಿಥ್ಯ ಮಾಡ್ದಂಗೆ! ಗುಟ್ಟು ರಟ್ಟು! ನಾಲಿಗೆ ಕಚ್ಕೊಂಡೆ.

ಸೂಪ್ ಹೆಂಗೆ ಬಂತೋ ಹಂಗೇ ಒಳಗೆ ಹೋಯ್ತು. ಐದು ಜನದ ಕಣ್ಣು ಬಾಗಿಲ ತನಕ ಅದನ್ನ ಬೀಳ್ಕೊಟ್ಟು ಬಂದ್ವು.

ಆಮೇಲೆ ಶ್ನಿಟ್ಸೆಲ್. ದೊಡ್ಡ ಹರಿವಾಣದಲ್ಲಿ ಒಂದರ ಮೇಲೊಂದು, ಹೊಂಬಣ್ಣ, ಅಂಚಲ್ಲಿ ನಿಂಬೆ ಹೋಳು, ಪಕ್ಕದಲ್ಲಿ ಹುಳಿ ಹಾಕಿ ಕಲಸಿದ ಆಲೂಗಡ್ಡೆ. ಬೇಕಾ ಅಜ್ಜಿ? ಬೇಡ ಕಣವ್ವ. ಸರಿ. ಬೇಕಾ ಸಾರ್? ಚನ್ನೇಗೌಡ್ರ ಬಾಯಲ್ಲಿ ನೀರು ಬಂದಿದ್ದು ಮೀಸೆ ತುದೀಲಿ ಕಾಣ್ತಿತ್ತು. ಅವ್ವನ ಕಡೆ ನೋಡಿದ್ರು. ಬೇಡ ಅಂದ್ರು.

ನನ್ನ ಸರದಿ ಬಂತು. ನಾನು ಬೇಕು ಅಂದೆ. ದೊಡ್ಡದಾಗಿರೋದೇ ಹಾಕಿಸ್ಕೊಂಡೆ. ಇವರಿಗೆ ಧೈರ್ಯ ಬರ್ಲಿ ಅಂತ, ಸಾಕ್ಷಾತ್ ಆಸ್ಟ್ರಿಯಾದ ರಾಜನ ಥರ ಚಾಕೂಲಿ ಕೊಯ್ದು, ಮುಳ್ಳುಚಮಚದಲ್ಲಿ ಚುಚ್ಚಿ, ನಿಂಬೆ ಹಿಂಡ್ಕೊಂಡು ತಿಂದೆ. ಹೊರಗೆ ಗರಿಗರಿ, ಒಳಗೆ ಬೆಣ್ಣೆ. ನಮ್ಮ ಕೋಳಿ ಸಾರು, ಚಾಪ್ಸು ಎಲ್ಲ ಒಂದು ಕಡೆ, ಅದೇ ಒಂದು ಕಡೆ. ಆಹಾ! ಅಂಥ ರುಚಿ ಜನ್ಮದಲ್ಲಿ ನೋಡಿರಲಿಲ್ಲ.

ಚನ್ನೇಗೌಡ್ರು ನೀರು ಕುಡಿದ್ರು. ಇನ್ನೊಂದು ಲೋಟ ಕುಡಿದ್ರು. ಅವರ ಹೊಟ್ಟೆಯಿಂದ ಬಂದ ಸದ್ದಿಗೆ ಪಕ್ಕದ ಟೇಬಲ್ಲಿನ ಕಾಲೇಜು ಹುಡುಗಿ ತಿರುಗಿ ನೋಡಿದ್ಲು. ಅಜ್ಜಿ ಸೊಸೆ ಕಿವೀಲಿ ಏನೋ ಪಿಸುಗುಟ್ಟಿತು. ರಾಜಣ್ಣ ಪಾಪ ಚೌಕುಳಿ ಬಟ್ಟೆ ಮೇಲಿನ ಕೆಂಪು ಚೌಕ ಎಣಿಸ್ತಾ ಕೂತಿದ್ದ. ಅವನಿಗೂ ಗೊತ್ತಾಗಿತ್ತು, ಹಸಿದ ಅಜ್ಜಿ ಯಾವ ಮನೇನೂ ಒಪ್ಪಲ್ಲ ಅಂತ.

ಕೈ ತೊಳ್ಕೊಂಡು ಬರ್ತೀನಿ ಅಂತ ಎದ್ದು ಅಡಿಗೆಮನೆಗೆ ನುಗ್ಗಿದೆ. ಮಾರ್ಥಮ್ಮ ಮುಖ ಊದಿಸ್ಕೊಂಡಿದ್ಲು. ಬೆಳಗ್ಗೆ ಐದಕ್ಕೆ ಎದ್ದು ಮಾಡಿದೀನಿ, ನಿಮ್ಮೋರಿಗೆ ನನ್ನಡಿಗೆ ಅಸಹ್ಯಾನಾ ಅಂತ ಕಣ್ಣಲ್ಲಿ ನೀರು. ಅಯ್ಯೋ ಹಂಗಲ್ಲಮ್ಮ, ಒಂದ್ಸಲ ಕೇಳಿದ್ರೆ ನಮ್ಮೋರು ಬೇಕು ಅನ್ನಲ್ಲ, ಮೂರು ಸಲ ಕೇಳ್ಬೇಕು ಅಂದೆ.

ಅವಳು ನನ್ನ ಮೇಲಿಂದ ಕೆಳಗೆ ನೋಡಿದ್ಲು. "ಬೇಡ ಅಂದೋರನ್ನ ಮತ್ತೆ ಮತ್ತೆ ಕೇಳೋದು ನಮ್ಮ ಊರಲ್ಲಿ ಪೊಲೀಸ್ರು ಮಾತ್ರ ಸಾರ್."

ದಮ್ಮಯ್ಯ ಅಂದೆ. ಮೂರೇ ಸಲ ಅಂದೆ. ಬೇಕಾದ್ರೆ ಎಣಿಸ್ಕೋ ಅಂದೆ.

ಎಣಿಸ್ಕೋ ಅಂತ ಯಾಕಾದ್ರೂ ಅಂದ್ನೋ!

ಸೇಬಿನ ಸುರುಳಿ ಹಿಡ್ಕೊಂಡು ಬಂದ್ಲು. ಚಕ್ಕೆ ಘಮಕ್ಕೆ ಇಡೀ ರೂಮು ಮೂಗು ಎತ್ತಿತು. ಅಜ್ಜಿ ಮುಂದೆ ನೆಟ್ಟಗೆ ನಿಂತ್ಕೊಂಡು, ಶಾಲೆ ಡ್ರಿಲ್ ಮೇಡಂ ಥರ ಜೋರಾಗಿ, ಬೇಕಾ? ಒಂದು. ಬೇಕಾ? ಎರಡು. ಬೇಕಾ? ಮೂರು. ಹರಾಜಲ್ಲಿ ಸೈಟು ಕೂಗೋರು ಹೀಗೇ ಕೂಗೋದು. ಅಜ್ಜಿ ಬೆಚ್ಚಿಬಿದ್ದು, ಮೂರು ಅಂದ್ಮೇಲೆ ಏನಾಗುತ್ತೋ ಅಂತ ಎರಡೂ ಕೈ ತಟ್ಟೆ ಮೇಲಿಟ್ಟು, ಬ್ಯಾಡ ಅಂದ್ರೆ ಬ್ಯಾಡ ಅಂತು. ಈ ಸಲದ್ದು ನಿಜವಾದ ಬೇಡ. ಮಾರ್ಥಮ್ಮ ನನ್ನ ಕಡೆ ತಿರುಗಿ, ನೋಡಿದ್ರಾ ಅನ್ನೋ ಥರ ಒಂದು ನೋಟ ಕೊಟ್ಟು ಹೋದ್ಲು.

ಅಜ್ಜಿ ಎದ್ದು ನಿಲ್ತು. ನಡೀರಪ್ಪ, ಬಸ್ಸಿಗೆ ಹೊತ್ತಾಯ್ತು ಅಂತು. ಎಲ್ಲರೂ ಎದ್ರು. ಚಪ್ಪಲಿ ಹಾಕ್ಕೊಳ್ಳೋಕೆ ಶುರು ಮಾಡಿದ್ರು. ನನಗೆ ಮಗಳ ಮುಖ ಕಣ್ಮುಂದೆ ಬಂತು. ಕಣ್ಣು ಮಿಟುಕಿಸಿದ್ನಲ್ಲ, ಆ ನನ್ನ ಕಣ್ಣು ಕಿತ್ತು ಬಿಸಾಕಬೇಕು ಅನ್ಸಿತು. ಗಾಬರೀಲಿ ಬಾಗಿಲಿಗೆ ಅಡ್ಡ ನಿಂತು, ಹೋಗಂಗಿಲ್ಲ, ಇದು ಹೋಟ್ಲಲ್ಲ, ನಮ್ಮನೇ, ನಾನೇ ಓನರು ಅಂತ ಬಡಬಡಿಸಿಬಿಟ್ಟೆ. ಪ್ರಾಕ್ಟೀಸ್ ಮಾಡಿದ್ದ ಬೀಗ್ರೇ ಮಾತ್ರ ಬಾಯಿಗೆ ಬರಲೇ ಇಲ್ಲ.

ಅಜ್ಜಿ ಒಂದು ಕಾಲಿಗೆ ಚಪ್ಪಲಿ ಹಾಕ್ಕೊಂಡು ನಿಂತು ಕೇಳ್ತು. "ಅಂದ್ರೆ, ನಾವು ಇಲ್ಲಿ ಉಂಡಿದ್ರೆ?"

"ಒಪ್ಪಿದಂಗೆ ಅಂತ..." ಅಂದೆ. ದನಿ ನಂದೋ ಇನ್ಯಾರದೋ ಗೊತ್ತಾಗಲಿಲ್ಲ.

"ಉಣ್ಣಲಿಲ್ವಲ್ಲ ಗೌಡ" ಅಂತು ಅಜ್ಜಿ. ಇನ್ನೊಂದು ಚಪ್ಪಲಿಗೆ ಕಾಲು ತೂರಿಸ್ತು.

ಆಗ ಮೆಟ್ಟಿಲ ಮೇಲಿಂದ ಜಯಮ್ಮನ ದನಿ. ಬಿಸಿ ಮುದ್ದೆ ಕಟ್ಟಿದೀನಿ, ಅವರೆಕಾಳು ಸಾರು ಕುದೀತಾ ಇದೆ, ಮೇಲ್ಬನ್ನಿ ಅಮ್ಮಾ ಅಂತ. ಅಜ್ಜಿ ತಲೆ ಎತ್ತದೆ, ಬೇಡ ಕಣವ್ವ, ಹೊತ್ತಾಯ್ತು ಅಂತು. ಬೇಡ ಅಂದ್ರೆ ಆಗಲ್ಲ, ಇಷ್ಟೊತ್ತಲ್ಲಿ ಹಸ್ಕೊಂಡು ಹೋಗೋದುಂಟಾ ಅಂದ್ಲು ಜಯಮ್ಮ. ಬೇಡ ಬೇಡ ಅಂತು ಅಜ್ಜಿ. ಆದ್ರೆ ಚಪ್ಪಲಿಗೆ ತೂರಿಸಿದ್ದ ಕಾಲು ಅಲ್ಲೇ ನಿಂತಿತ್ತು. ಅಷ್ಟರಲ್ಲಿ ಪದ್ಮ ದಡದಡ ಇಳಿದು ಬಂದು ಅಜ್ಜಿ ಕೈ ಹಿಡ್ಕೊಂಡ್ಲು.

"ನೀವು ಉಣ್ಣದೆ ಹೋದ್ರೆ ನಾನೂ ಇವತ್ತು ಉಣ್ಣಲ್ಲ ಅಜ್ಜಿ. ಒಪ್ಪೋದು ಬಿಡೋದು ಆಮೇಲಿನ ಮಾತು. ಹಸಿದಿದೀರ, ಬನ್ನಿ."

ಅಜ್ಜಿ ಅವಳ ಮುಖ ನೋಡ್ತು. ಆಮೇಲೆ ಒಂದೊಂದೇ ಚಪ್ಪಲಿ ಬಿಡ್ತು. ಅದರ ಹಿಂದೆ ಚನ್ನೇಗೌಡ್ರು ಮೂರು ಮೆಟ್ಟಿಲು ಒಂದೇ ನೆಗೆತಕ್ಕೆ ಹತ್ತಿದ್ರು.

ಅಜ್ಜಿ ಒಂದು ಮುದ್ದೆ ಉಣ್ತು. ಜಯಮ್ಮ ಇನ್ನೊಂದು ತಂದ್ಲು. ಬೇಡ ಅಂತ ಅಡ್ಡ ಕೈ ಇಟ್ಟು, ಬೆರಳು ಸಡಿಲ ಮಾಡಿ, ಸಂದು ಬಿಟ್ಟು, ಹಾಕಿಸ್ಕೊಳ್ತು. ಉಂಡ್ರೆ ಏನರ್ಥ ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತು. ಅಜ್ಜಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ರಾಜಣ್ಣ ತಲೆ ಬಗ್ಗಿಸ್ಕೊಂಡು ತಟ್ಟೆ ಕಡೆ ನಗ್ತಾ ಇದ್ದ.

ಅಷ್ಟೊತ್ತಿಗೆ ಮಾರ್ಥಮ್ಮ ಸೇಬಿನ ಸುರುಳಿ ತಟ್ಟೆ ಹಿಡ್ಕೊಂಡು ಮೇಲೆ ಬಂದ್ಲು. ಏನು ತಪ್ಪಾಯ್ತೋ ಕೇಳೋಣ ಅಂತ ಬಂದೋಳು. ಅಜ್ಜಿ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿ, ಮುದ್ದೆ ಹಾಕಿಸ್ತು. ಬೇಡ ಅಜ್ಜಿ ಅಂದ್ಲು ಮಾರ್ಥಮ್ಮ. ಸಾರು ಹುಯ್ಯಿಸ್ತು. ಬೇಡ ಬೇಡ ಅಂದ್ಲು. ತುಪ್ಪ ಹಾಕಿಸ್ತು. ಆಗ ಅವಳಿಗೆ ಜ್ಞಾನೋದಯ ಆದಂಗೆ ಕಾಣ್ತು. ಅಜ್ಜಿಗೆ ಸೇಬಿನ ಸುರುಳಿ ಎರಡು ತುಂಡು ಕೇಳದೇನೇ ಬಡಿಸಿದ್ಲು. ಅಜ್ಜಿ ತಿಂದು, ನಮ್ಮ ಹೋಳಿಗೆಗಿಂತ ಒಂದು ಕೈ ಕಮ್ಮಿ, ಆದ್ರೆ ಪರವಾಗಿಲ್ಲ ಅಂತು. ಅದು ಅಜ್ಜಿ ಲೆಕ್ಕದಲ್ಲಿ ಚಿನ್ನದ ಪದಕ.

ಕೈ ತೊಳೆದು, ಅಜ್ಜಿ ಪದ್ಮನ ಗಲ್ಲ ಹಿಡಿದು ಕೇಳ್ತು. "ನಿಮ್ಮಪ್ಪನ ಬುದ್ಧಿ ನಿಂಗೆ ಬಂದಿಲ್ಲ ತಾನೆ?"

"ಇಲ್ಲ ಅಜ್ಜಿ."

"ಹಂಗಾರೆ ಸರಿ."

ಇಷ್ಟೇ ನನ್ನ ಮಗಳ ನಿಶ್ಚಿತಾರ್ಥ. ಲಗ್ನಪತ್ರಿಕೆ ಬರೆಸಿದ್ದೆಲ್ಲ ಆಮೇಲೆ. ಹತ್ತು ಜನ ಬಂದು ಎಂಟು ದಿನ ಮಾತಾಡಿದ್ರೂ ಆಗದೇ ಇದ್ದಿದ್ದನ್ನ ಜಯಮ್ಮ ಎರಡು ಮುದ್ದೇಲಿ ಮುಗಿಸಿದ್ಲು. ನನ್ನ ಪ್ಲಾನು ಇಲ್ದಿದ್ರೆ ಅವರು ಅಷ್ಟು ಹಸಿದೇ ಇರ್ತಿರಲಿಲ್ಲ, ಅಲ್ವಾ? ಹಾಗಾಗಿ ಕ್ರೆಡಿಟ್ಟು ನಂಗೇ ಸೇರ್ಬೇಕು ಅಂತ ನಾನು ಇವತ್ತಿಗೂ ವಾದ ಮಾಡ್ತೀನಿ. ಮನೇಲಿ ಯಾರೂ ಒಪ್ಪಲ್ಲ.

ಜಯಮ್ಮ ಕೊನೇಲಿ, ನಿಮಗೂ ಮುದ್ದೆ ಹಾಕ್ಲಾ ಅಂತ ಕೇಳಿದ್ಲು. ನಾನು ಗತ್ತಲ್ಲಿ, ನಂದು ಕೆಳಗೇ ಆಯ್ತು ಅಂದೆ. ಅವಳು ಉಳಿದ ಮುದ್ದೇನ ಚನ್ನೇಗೌಡ್ರಿಗೆ ಹಾಕಿದ್ಲು.

ಈಗ ಹೇಳಿ, ನಂಬಿದ್ರೋ ಇಲ್ವೋ? ಅಜ್ಜಿ ನಿಜ, ಮುದ್ದೆ ನಿಜ, ಮಾರ್ಥಮ್ಮ ಎಣಿಸಿದ್ದು ನಿಜ, ನಾನು ಬಾಗಿಲಿಗೆ ಅಡ್ಡ ನಿಂತು ತೊದಲಿದ್ದು ನೂರಕ್ಕೆ ನೂರು ನಿಜ. ಒಂದೇ ಒಂದು ನಾನು ಸೇರಿಸಿದ್ದು. ಆ ಶ್ನಿಟ್ಸೆಲ್ ತಿಂದೆ ಅಂದ್ನಲ್ಲ, ನಿಂಬೆ ಹಿಂಡ್ಕೊಂಡು, ರಾಜನ ಥರ, ಆಹಾ ಅಂತ? ಅದು ಸುಳ್ಳು. ಮಾರ್ಥಮ್ಮ ಹರಿವಾಣ ಹಿಡ್ಕೊಂಡು ನನ್ನ ಹತ್ರ ಬಂದು ಬೇಕಾ ಓನರ್ ಸಾರ್ ಅಂದಾಗ, ಅಜ್ಜಿ ಬೇಡ ಅಂದಿತ್ತಲ್ಲ, ನಾನೂ ಅಡ್ಡ ಕೈ ಇಟ್ಟು ಬೇಡಮ್ಮ ಅಂದುಬಿಟ್ಟೆ. ಸರಿ ಅಂದ್ಲು. ಹೋದ್ಲು. ಆಮೇಲೂ ಎರಡು ವರ್ಷ ನಮ್ಮ ಕೆಳಗಡೆನೇ ಹೋಟ್ಲು ನಡೆಸಿದ್ಲು. ಎಲ್ಲರಿಗೂ ಮೂರು ಮೂರು ಸಲ ಕೇಳೋದು ಕಲಿತಿದ್ಲು. ನನ್ನನ್ನ ಮಾತ್ರ ಒಂದೇ ಸಲ ಕೇಳೋಳು. ಪ್ರತಿ ಸಲ ಬೇಡ ಅಂತಿದ್ದೆ.